ಎಫ್ 1.4 ಲೆನ್ಸು, ಬೆಂಗಳೂರಿನ ಬಿಸಿಲು: ಎನ್‌ಡಿ ಫಿಲ್ಟರ್ ಎಷ್ಟು ಬೇಕು, ಯಾವಾಗ ಬೇಕು?

ಪ್ರಶ್ನೆ: ನಾನು ಬಸವನಗುಡಿಯವನು. ಮದುವೆಗೆ ಮುಂಚಿನ ಜೋಡಿ ಫೋಟೊಗಳನ್ನು ತೆಗೆಯುವ ಕೆಲಸವನ್ನು ಈಚೆಗೆ ಶುರು ಮಾಡಿದ್ದೇನೆ. 85 ಮಿ.ಮೀ. ಎಫ್ 1.4 ಲೆನ್ಸ್ ಕೊಂಡಿದ್ದೇನೆ. ಹಿನ್ನೆಲೆ ಮಸುಕಾಗಲೆಂದು ಯಾವಾಗಲೂ 1.4ರಲ್ಲೇ, ಎಂದರೆ ಬೆಳಕು ಒಳಬರುವ ಕಿಂಡಿಯನ್ನು (ಅಪರ್ಚರ್) ಪೂರ್ತಿ ತೆರೆದು, ತೆಗೆಯುತ್ತೇನೆ. ಮೊನ್ನೆ ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ ಲಾಲ್‌ಬಾಗಿನಲ್ಲಿ ತೆಗೆದ ಚಿತ್ರಗಳು ಬೆಳ್ಳಗೆ ಸುಟ್ಟಂತೆ ಬಂದವು. ಶಟರ್ ವೇಗ 1/4000 ದಾಟುವುದಿಲ್ಲ. ಮುಖದ ಮೇಲೆ ಗಡುಸು ನೆರಳು, ಕಣ್ಣುಗಳು ಗುಳಿ ಬಿದ್ದಂತೆ ಕಾಣುತ್ತಿವೆ. ವೇರಿಯಬಲ್ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸಲು ಲೆನ್ಸಿನ ಮುಂದೆ ಹಾಕುವ, ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದಾದ ಕಪ್ಪು ಗಾಜು) ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಫ್ಲಾಶ್ ಬಳಸುತ್ತೇನೆ, ಕೆಲವೊಮ್ಮೆ ವಿಡಿಯೊ ಕೂಡ ಮಾಡುತ್ತೇನೆ. ಯಾವ ಫಿಲ್ಟರ್ ಕೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಅಂಗಡಿಯವರು ಎರಡಕ್ಕೂ ಒಂದೇ ಮದ್ದು ಹೇಳಿದ್ದಾರೆ. ಚಿತ್ರ ಬೆಳ್ಳಗಾದದ್ದು ಬೆಳಕು ಹೆಚ್ಚಾಗಿದ್ದರಿಂದ. ಇದಕ್ಕೆ ಎನ್‌ಡಿ ಫಿಲ್ಟರ್ ಮದ್ದಾಗಬಲ್ಲದು. ಕಣ್ಣು ಗುಳಿ ಬಿದ್ದಂತೆ ಕಂಡದ್ದು ಬೆಳಕು ನೆತ್ತಿಯ ಮೇಲಿನಿಂದ ಬಂದದ್ದರಿಂದ. ಇದನ್ನು ಯಾವ ಬೆಲೆಯ ಎನ್‌ಡಿ ಫಿಲ್ಟರೂ ಸರಿಪಡಿಸಲಾರದು. ಈ ಗಾಜು ಮಾಡುವುದು ಒಂದೇ ಕೆಲಸ: ಒಳಗೆ ಬರುವ ಬೆಳಕನ್ನೆಲ್ಲ ಸಮನಾಗಿ ತಗ್ಗಿಸುವುದು. ಹಣೆಯ ಮೇಲಿನ ಹೊಳಪು ಎಂಟನೇ ಒಂದು ಪಾಲಾದರೆ ಕಣ್ಣ ಕೆಳಗಿನ ನೆರಳೂ ಎಂಟನೇ ಒಂದು ಪಾಲಾಗುತ್ತದೆ. ಅವೆರಡರ ನಡುವಿನ ಅಂತರ ಎಳ್ಳಷ್ಟೂ ಬದಲಾಗುವುದಿಲ್ಲ.

ಮುಖದ ಮಾತನ್ನೇ ಮೊದಲು ಆಡುತ್ತೇನೆ. ಚಿತ್ರ ನೋಡುವವರಿಗೆ ಮುಖ್ಯವಾದದ್ದು ಅದೇ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಡಿಸೆಂಬರ್ 21ರ ಮಧ್ಯಾಹ್ನವೂ ಅವನು ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿರುತ್ತಾನೆ. ಎಂದರೆ, ಚಳಿಗಾಲದಲ್ಲೂ ನಮ್ಮ ನಡುಹಗಲಿನ ಬೆಳಕು ಹುಬ್ಬಿನ ಕೆಳಗೆ ಇಳಿಯಲು ಒದ್ದಾಡುತ್ತದೆ. ಚಳಿ ದೇಶಗಳಲ್ಲಿ ಹನ್ನೊಂದು ಗಂಟೆಗೆ ತೆಗೆದ ಮೃದುವಾದ ಚಿತ್ರಗಳನ್ನು ನೋಡಿ ಅದೇ ಹೊತ್ತಿನಲ್ಲಿ ಇಲ್ಲಿ ಪ್ರಯತ್ನಿಸಿದರೆ ಅದು ಸಿಗುವುದಿಲ್ಲ. ಅಲ್ಲಿ ಸೂರ್ಯ ಪಕ್ಕದಿಂದ ಬರುತ್ತಾನೆ.

ಆದ್ದರಿಂದ ಹತ್ತೂವರೆಯಿಂದ ಮೂರರವರೆಗೆ ಜೋಡಿಯನ್ನು ಬಯಲಿನಲ್ಲಿ ನಿಲ್ಲಿಸಬೇಡಿ. ಮರದ ನೆರಳಿನ ಅಂಚಿಗೆ ಕರೆದುಕೊಂಡು ಬನ್ನಿ. ನಡು ನೆರಳಿಗಲ್ಲ, ಅಂಚಿಗೆ. ಮುಖ ಹೊರಗಿನ ತೆರೆದ ಆಕಾಶದ ಕಡೆಗಿರಲಿ. ಮಳೆಮರಗಳ ಕೆಳಗೆ ಎಲೆಗಳ ಸಂದಿನಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಬೀಳುವಲ್ಲಿ ನಿಲ್ಲಿಸಬೇಡಿ. ಕೆನ್ನೆಯ ಮೇಲೆ ಬಿದ್ದ ಒಂದು ಬಿಸಿಲ ಚುಕ್ಕೆ ಇಡೀ ಚಿತ್ರವನ್ನು ಕೆಡಿಸುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಅದನ್ನು ಅಳಿಸುವುದು ಬಹಳ ತ್ರಾಸದ ಕೆಲಸ. ನೆರಳೇ ಇಲ್ಲದ ಕಡೆ ಇಬ್ಬರು ಸಹಾಯಕರು ಜೋಡಿಯ ತಲೆಯ ಮೇಲೆ ಒಂದು ಬಿಳಿ ಪಂಚೆಯನ್ನು ಬಿಗಿಯಾಗಿ ಹಿಡಿದರೂ ಸಾಕು, ಬಿಸಿಲು ಹರಡಿಕೊಂಡು ಮೆತ್ತಗಾಗುತ್ತದೆ. ಅಂಚಿನಲ್ಲಿ ಬಣ್ಣವಿಲ್ಲದ ಪಂಚೆ ಒಳ್ಳೆಯದು. ಲಾಲ್‌ಬಾಗಿನ ಬಂಡೆಯನ್ನೂ ನೀವು ಬಳಸಿಕೊಳ್ಳಬಹುದು. ಸುಮಾರು 300 ಕೋಟಿ ವರ್ಷ ಹಳೆಯ ಆ ‘ನೈಸ್’ ಎಂಬ ಬಗೆಯ ಶಿಲೆ ತಿಳಿ ಬೂದು ಬಣ್ಣದ್ದು. ಬಿಸಿಲು ಬಿದ್ದಾಗ ಕೆಳಗಿನಿಂದ ಮೇಲಕ್ಕೆ ಬೆಳಕನ್ನು ಚಿಮ್ಮಿಸುತ್ತದೆ. ತಲೆಯ ಮೇಲೆ ಪಂಚೆ, ಕಾಲ ಕೆಳಗೆ ಬಿಸಿಲು ಬಿದ್ದ ಬಂಡೆ ಇದ್ದರೆ ಕಣ್ಣುಗಳಿಗೆ ಜೀವ ಬರುತ್ತದೆ. (ಅಲ್ಲಿ ವೃತ್ತಿಪರ ಚಿತ್ರೀಕರಣಕ್ಕೆ ಇರುವ ನಿಯಮಗಳನ್ನು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಜೋಡಿಯ ಎದುರು ಕಾವಲುಗಾರರೊಂದಿಗೆ ವಾದಕ್ಕೆ ನಿಲ್ಲುವ ಪರಿಸ್ಥಿತಿ ಬರಬಾರದು.)

ಈಗ ಲೆಕ್ಕಕ್ಕೆ ಬರೋಣ. ಫಿಲ್ಮ್ ಕಾಲದಿಂದ ಬಳಕೆಯಲ್ಲಿರುವ ‘ಸನ್ನಿ 16’ ಸೂತ್ರ ನಿಮಗೆ ಗೊತ್ತಿರಬಹುದು. ನಿರಭ್ರ ಆಕಾಶದ ಬಿಸಿಲಿನಲ್ಲಿ, ಬೆಳಕು ಎದುರಿನಿಂದ ಬೀಳುತ್ತಿರುವ ವಸ್ತುವಿಗೆ ಎಫ್ 16 ಇಟ್ಟರೆ ಶಟರ್ ವೇಗ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಸಂಖ್ಯೆಯಷ್ಟೇ ಇರಬೇಕು: ಐಎಸ್‌ಒ 100ಕ್ಕೆ 1/100 ಸೆಕೆಂಡ್. ಎಫ್ 16ರಿಂದ 11, 8, 5.6, 4, 2.8, 2, 1.4 ಎಂದು ಏಳು ಮೆಟ್ಟಿಲು ಇಳಿದರೆ ನಿಮ್ಮ ಲೆನ್ಸಿನ ಪೂರ್ತಿ ತೆರೆದ ಅಪರ್ಚರ್ ಸಿಗುತ್ತದೆ. ಪ್ರತಿ ಮೆಟ್ಟಿಲಿಗೂ ಬೆಳಕು ಇಮ್ಮಡಿಯಾಗುತ್ತದೆ. ಈ ಒಂದು ಮೆಟ್ಟಿಲಿಗೇ ‘ಸ್ಟಾಪ್’ ಎನ್ನುವುದು. ಏಳು ಸಲ ಇಮ್ಮಡಿಸಿದರೆ 128 ಪಟ್ಟು. ಹಾಗಾಗಿ ಬೇಕಾದ ಶಟರ್ ವೇಗ 1/12800. ನಿಮ್ಮ ಕ್ಯಾಮೆರಾ 1/4000ದಲ್ಲಿ ನಿಂತುಬಿಡುತ್ತದೆ. ಸರಿಸುಮಾರು ಒಂದೂಮುಕ್ಕಾಲು ಸ್ಟಾಪಿನಷ್ಟು ಬೆಳಕು ಹೆಚ್ಚಾಗಿ ಒಳಗೆ ನುಗ್ಗಿದೆ. ಚಿತ್ರ ಸುಟ್ಟದ್ದು ಅಷ್ಟಕ್ಕೇ.

ಒಂದೂಮುಕ್ಕಾಲು ಸ್ಟಾಪ್ ಎಂಬುದನ್ನು ಗಮನಿಸಿ. ಬರೀ ಫೋಟೊಗೆ, ಫ್ಲಾಶ್ ಇಲ್ಲದೆ, ನಮ್ಮೂರಿನ ಅತಿ ಪ್ರಖರವಾದ ಬಿಸಿಲಿನಲ್ಲೂ ನಿಮಗೆ ಬೇಕಿರುವುದು ಎರಡು ಸ್ಟಾಪಿನ ಫಿಲ್ಟರ್ ಮಾತ್ರ. ಬಹಳ ಜನ ಇದನ್ನು ಲೆಕ್ಕ ಹಾಕದೆ ಹತ್ತು ಸ್ಟಾಪಿನ ಕಪ್ಪು ಗಾಜನ್ನು ಕೊಂಡು, ಬಿಸಿಲಿನಲ್ಲೂ ಐಎಸ್‌ಒ ಏರಿಸಿಕೊಂಡು ಕಷ್ಟಪಡುತ್ತಾರೆ. ಹತ್ತು ಸ್ಟಾಪಿನ ಗಾಜು ಹರಿಯುವ ನೀರನ್ನು ಹಾಲಿನಂತೆ ತೋರಿಸುವವರಿಗೆ ಸರಿ.

ಎರಡು ಸ್ಟಾಪಿಗೂ ಫಿಲ್ಟರ್ ಬೇಕೇ ಬೇಕೆಂದಿಲ್ಲ. ಎಫ್ 2.8ಕ್ಕೆ ಹೋದರೆ ಬೇಕಾಗುವ ವೇಗ 1/3200. ನಿಮ್ಮ ಕ್ಯಾಮೆರಾ ಅದನ್ನು ಸಲೀಸಾಗಿ ಕೊಡುತ್ತದೆ. ಜೋಡಿ ಚಿತ್ರಕ್ಕೆ ನಾನು ಎಫ್ 2.8ನ್ನೇ ಮೆಚ್ಚುತ್ತೇನೆ. ಕಾರಣ ಹೇಳುತ್ತೇನೆ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸನ್ನು ಎಫ್ 1.4ರಲ್ಲಿಟ್ಟು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ನಾಲ್ಕೂವರೆ ಸೆಂಟಿಮೀಟರ್. ಮೂರು ಮೀಟರಿಗೆ ಹಿಂದೆ ಸರಿದರೂ ಹತ್ತು ಸೆಂಟಿಮೀಟರ್ ಮಾತ್ರ. ಒಬ್ಬರ ಮುಖಕ್ಕೆ ಇದು ಸಾಕಾದೀತು. ಇಬ್ಬರು ನಿಂತಾಗ ಒಬ್ಬರ ಭುಜ ಸ್ವಲ್ಪ ಹಿಂದಿರುತ್ತದೆ, ಒಬ್ಬರು ಇನ್ನೊಬ್ಬರ ಕಡೆಗೆ ವಾಲಿರುತ್ತಾರೆ. ಹುಡುಗಿಯ ಕಣ್ಣು ಸ್ಪಷ್ಟವಾದರೆ ಹುಡುಗನ ಕಣ್ಣು ಮಂಜಾಗುತ್ತದೆ. ಎಫ್ 2.8ರಲ್ಲಿ ಮೂರು ಮೀಟರಿನಿಂದ ಇಪ್ಪತ್ತು ಸೆಂಟಿಮೀಟರಿನಷ್ಟು ಆಳ ಸಿಗುತ್ತದೆ. ಹಿನ್ನೆಲೆಯ ಮರಗಳು ಹತ್ತು ಹದಿನೈದು ಮೀಟರ್ ಹಿಂದಿದ್ದರೆ ಆಗಲೂ ಚೆನ್ನಾಗಿಯೇ ಕರಗುತ್ತವೆ. ಹಿನ್ನೆಲೆ ಮಸುಕಾಗಬೇಕಾದರೆ ಜೋಡಿಯನ್ನು ಹಿನ್ನೆಲೆಯಿಂದ ದೂರ ತನ್ನಿ. ಅಪರ್ಚರ್ ಮಾಡುವ ಕೆಲಸದಲ್ಲಿ ಅರ್ಧವನ್ನು ಆ ದೂರವೇ ಮಾಡುತ್ತದೆ.

ಒಬ್ಬರನ್ನೇ ತೆಗೆಯುವಾಗ, ಫೆಬ್ರುವರಿ ಮಾರ್ಚಿನಲ್ಲಿ ಕಬ್ಬನ್ ಪಾರ್ಕಿನ ಗುಲಾಬಿ ತಬೂಬಿಯಾ ಹೂಗಳನ್ನು ಬರೀ ಬಣ್ಣದ ಮೋಡವಾಗಿಸಬೇಕೆನಿಸಿದಾಗ, 1.4ಕ್ಕೆ ಖಂಡಿತ ಬೆಲೆಯಿದೆ. ಆಗಲೂ ಸೂರ್ಯನನ್ನು ಅವರ ಬೆನ್ನ ಹಿಂದೆ ಇಟ್ಟುಕೊಂಡು, ನೆರಳಿನಲ್ಲಿರುವ ಮುಖಕ್ಕೆ ಎಕ್ಸ್‌ಪೋಶರ್ ಹೊಂದಿಸಿದರೆ ಬಿಸಿಲಿಗಿಂತ ಎರಡು ಸ್ಟಾಪ್ ಹೆಚ್ಚು ಬೆಳಕು ಬೇಕಾಗುತ್ತದೆ. ಶಟರ್ ವೇಗ ತಾನಾಗಿ 1/3200ಕ್ಕೆ ಬರುತ್ತದೆ. ಮೋಡ ಕವಿದ ಜುಲೈ ತಿಂಗಳಿನಲ್ಲಿ ಬಿಸಿಲಿಗಿಂತ ಮೂರು ಸ್ಟಾಪ್ ಕಡಿಮೆ ಬೆಳಕಿರುವುದು ಸಾಮಾನ್ಯ. 1/1600 ಸಾಕು, ಫಿಲ್ಟರ್ ಚೀಲದಲ್ಲೇ ಇರಲಿ.

ಎರಡು ಅಡ್ಡದಾರಿಗಳ ಬಗ್ಗೆ ಎಚ್ಚರಿಸಬೇಕು. ಕ್ಯಾಮೆರಾದಲ್ಲಿ ಐಎಸ್‌ಒ 50 ಎಂಬ ಆಯ್ಕೆಯಿದ್ದರೆ ಅದು ಬಹುತೇಕ ಮಾದರಿಗಳಲ್ಲಿ ನಿಜವಾದ ಸಂವೇದನೆಯಲ್ಲ. ಐಎಸ್‌ಒ 100ರಲ್ಲಿ ಹೆಚ್ಚು ಬೆಳಕು ಕೊಟ್ಟು ತೆಗೆದು ಆಮೇಲೆ ಗಣಿತದಲ್ಲಿ ಕತ್ತಲೆ ಮಾಡಿಕೊಡುತ್ತದೆ. ಬಿಳಿ ಭಾಗಗಳು ಒಂದು ಸ್ಟಾಪ್ ಮೊದಲೇ ಸುಟ್ಟುಹೋಗುತ್ತವೆ. ಬಿಳಿ ಪಂಚೆ, ಬಿಳಿ ಅಂಗಿ, ಮಲ್ಲಿಗೆ ಮಾಲೆ ಇರುವ ನಮ್ಮ ಚಿತ್ರಗಳಿಗೆ ಇದು ದೊಡ್ಡ ನಷ್ಟ. ಎರಡನೆಯದು ಎಲೆಕ್ಟ್ರಾನಿಕ್ ಶಟರ್. ಎಷ್ಟೋ ಮಿರರ್‌ಲೆಸ್ ಕ್ಯಾಮೆರಾಗಳು ಅದರಲ್ಲಿ 1/16000 ಅಥವಾ 1/32000 ಕೊಡುತ್ತವೆ. ಜೋಡಿ ಸುಮ್ಮನೆ ನಿಂತಿದ್ದರೆ ಧಾರಾಳವಾಗಿ ಬಳಸಿ. ಸೆರಗು ಬೀಸುವಾಗ, ಓಡಿಬರುವಾಗ, ಸೆನ್ಸರ್ ಸಾಲುಸಾಲಾಗಿ ಓದುವ ಕ್ಯಾಮೆರಾಗಳಲ್ಲಿ ಆಕಾರ ವಾರೆಯಾಗಬಹುದು. ಇದರ ಜೊತೆಗೆ ಒಂದು ಸೂಕ್ಷ್ಮವಿದೆ. ‘ಎಲೆಕ್ಟ್ರಾನಿಕ್ ಫಸ್ಟ್ ಕರ್ಟನ್’ (ಶಟರಿನ ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡುವುದು) ಎಂಬ ಆಯ್ಕೆಯಿದ್ದರೆ, 1.4ರಲ್ಲಿ 1/2000ಕ್ಕಿಂತ ವೇಗವಾಗಿ ತೆಗೆಯುವಾಗ ಅದನ್ನು ಆಫ್ ಮಾಡಿ ಪೂರ್ತಿ ಮೆಕ್ಯಾನಿಕಲ್ ಶಟರಿಗೆ ಬನ್ನಿ. ಇಲ್ಲವಾದರೆ ಹಿನ್ನೆಲೆಯ ಬೆಳಕಿನ ದುಂಡು ಬಿಲ್ಲೆಗಳು ಒಂದು ಬದಿಯಲ್ಲಿ ಕತ್ತರಿಸಿದಂತೆ ಬರುತ್ತವೆ. ದುಡ್ಡು ಸುರಿದು 1.4 ಕೊಂಡವರು ಈ ಒಂದು ಮೆನುವಿನಿಂದಾಗಿ ಲೆನ್ಸನ್ನು ಬೈಯುವುದನ್ನು ಕೇಳಿದ್ದೇನೆ.

ಫ್ಲಾಶ್ ಬಳಸುತ್ತೇನೆ ಎಂದು ಬರೆದಿದ್ದೀರಿ. ಎನ್‌ಡಿ ಫಿಲ್ಟರ್ ನಿಜವಾಗಿ ತನ್ನ ಕೂಲಿಗೆ ತಕ್ಕ ಕೆಲಸ ಮಾಡುವುದು ಇಲ್ಲೇ. ಸಾಮಾನ್ಯ ಕ್ಯಾಮೆರಾಗಳು ಫ್ಲಾಶಿನ ಜೊತೆ ಹೊಂದಿಕೊಳ್ಳುವ ಗರಿಷ್ಠ ವೇಗ 1/200 ಅಥವಾ 1/250. ಅದಕ್ಕಿಂತ ವೇಗವಾದರೆ ಶಟರಿನ ಎರಡು ಪರದೆಗಳ ನಡುವೆ ಸಣ್ಣ ಸೀಳು ಮಾತ್ರ ತೆರೆದಿರುತ್ತದೆ, ಫ್ಲಾಶಿನ ಬೆಳಕು ಚಿತ್ರದ ಒಂದು ಪಟ್ಟಿಗೆ ಮಾತ್ರ ತಾಗುತ್ತದೆ. ಬಿಸಿಲಿನಲ್ಲಿ 1.4ಕ್ಕೆ ಬೇಕಾದದ್ದು 1/12800. ಅದನ್ನು 1/200ಕ್ಕೆ ಇಳಿಸಲು 64 ಪಟ್ಟು ಬೆಳಕು ತಡೆಯಬೇಕು. ಎಂದರೆ ಆರು ಸ್ಟಾಪ್. ಫಿಲ್ಟರಿನ ಅಂಚಿನ ಮೇಲೆ ‘ಎನ್‌ಡಿ 64’ ಅಥವಾ ‘1.8’ ಎಂದು ಬರೆದಿರುವುದು ಇದನ್ನೇ. ಮೊದಲನೆಯದು ಬೆಳಕು ಎಷ್ಟನೇ ಒಂದು ಪಾಲಾಗುತ್ತದೆ ಎಂಬುದು. ಎರಡನೆಯದು ಸಾಂದ್ರತೆ, ಪ್ರತಿ ಸ್ಟಾಪಿಗೆ 0.3. ಒಂದರ ಮೇಲೊಂದು ಫಿಲ್ಟರ್ ಹಾಕಿದರೆ ಮೊದಲಿನ ಅಂಕಿಗಳನ್ನು ಗುಣಿಸಬೇಕು, ಎರಡನೆಯ ಅಂಕಿಗಳನ್ನು ಕೂಡಿಸಬೇಕು. ಎರಡು ಎನ್‌ಡಿ 8 ಸೇರಿದರೆ ಎನ್‌ಡಿ 64.

ಆದರೆ ಫಿಲ್ಟರ್ ಬಿಸಿಲನ್ನು ತಡೆದಷ್ಟೇ ನಿಮ್ಮ ಫ್ಲಾಶನ್ನೂ ತಡೆಯುತ್ತದೆ. ಎಫ್ 1.4ರ ಮೇಲೆ ಆರು ಸ್ಟಾಪ್ ಹಾಕಿದಾಗ ಫ್ಲಾಶಿಗೆ ನೀವು ಎಫ್ 11ರಲ್ಲಿ ತೆಗೆಯುತ್ತಿರುವಂತೆಯೇ. ಗೈಡ್ ನಂಬರ್ (ಫ್ಲಾಶಿನ ಶಕ್ತಿಯ ಅಳತೆ; ಅದನ್ನು ಎಫ್ ಅಂಕಿಯಿಂದ ಭಾಗಿಸಿದರೆ ಬೆಳಕು ತಲಪುವ ದೂರ) 40 ಇರುವ ಫ್ಲಾಶನ್ನು ಪೂರ್ತಿ ಶಕ್ತಿಯಲ್ಲಿ, ಮುಂದೆ ಏನನ್ನೂ ಇಡದೆ ಹಾರಿಸಿದರೆ 40 ಭಾಗಿಸು 11, ಮೂರೂವರೆ ಮೀಟರ್ ಚಿಲ್ಲರೆ ದೂರದವರೆಗೆ ಬಿಸಿಲಿಗೆ ಸಮನಾಗಿ ನಿಲ್ಲುತ್ತದೆ. ಕೊಡೆ ಅಥವಾ ಸಾಫ್ಟ್‌ಬಾಕ್ಸ್ ಹಾಕಿದರೆ ಸುಮಾರು ಎರಡು ಸ್ಟಾಪ್ ಹೋಗುತ್ತದೆ, ದೂರ ಅರ್ಧವಾಗುತ್ತದೆ. ಪ್ರತಿ ಸಲ ಪೂರ್ತಿ ಶಕ್ತಿಯಲ್ಲಿ ಹಾರಿಸಿದರೆ ಫ್ಲಾಶ್ ಬಿಸಿಯಾಗುತ್ತದೆ, ಬ್ಯಾಟರಿ ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ. ಜೋಡಿಯನ್ನು ನೆರಳಿಗೆ ತಂದುಬಿಟ್ಟರೆ ಫ್ಲಾಶ್ ಬಿಸಿಲಿನೊಂದಿಗೆ ಸೆಣಸಬೇಕಾಗಿಲ್ಲ, ಮುಖಕ್ಕೆ ಒಂದಿಷ್ಟು ತುಂಬಿಕೊಟ್ಟರೆ ಸಾಕು.

‘ಹೈ ಸ್ಪೀಡ್ ಸಿಂಕ್ ಇದ್ದಮೇಲೆ ಫಿಲ್ಟರ್ ಯಾಕೆ’ ಎಂದು ನಿಮ್ಮ ಮಿತ್ರರು ಕೇಳಬಹುದು. ಅದರಲ್ಲಿ ಫ್ಲಾಶ್ ಒಂದೇ ಸಲ ಮಿಂಚದೆ, ಸೀಳು ದಾಟುವಷ್ಟು ಹೊತ್ತೂ ಮಿಡಿಯುತ್ತಿರುತ್ತದೆ. ಮುಚ್ಚಿದ ಪರದೆಯ ಮೇಲೆ ಬಿದ್ದ ಬೆಳಕೆಲ್ಲ ವ್ಯರ್ಥ. ಅದೇ ಬಿಸಿಲಿಗೆ, ಅದೇ ಫ್ಲಾಶಿಗೆ, ಫಿಲ್ಟರ್ ಹಾಕಿ 1/200ರಲ್ಲಿ ತೆಗೆದರೆ ಸಿಗುವಷ್ಟು ದೂರ ಇದರಲ್ಲಿ ಸಿಗುವುದಿಲ್ಲ. ಹತ್ತಿರದಿಂದ, ಒಬ್ಬರ ಮುಖಕ್ಕೆ, ಬೇಗಬೇಗ ತೆಗೆಯುವಾಗ ಹೈ ಸ್ಪೀಡ್ ಸಿಂಕ್ ಅನುಕೂಲ. ದೂರದಿಂದ, ಸಾಫ್ಟ್‌ಬಾಕ್ಸಿನ ಮೂಲಕ ಬೆಳಕು ಬೇಕಾದಾಗ ಫಿಲ್ಟರ್. ಗ್ಲೋಬಲ್ ಶಟರ್ (ಇಡೀ ಸೆನ್ಸರನ್ನು ಒಟ್ಟಿಗೇ ಓದುವ ವ್ಯವಸ್ಥೆ) ಇರುವ ಸೋನಿ ಎ9 3ರಂಥ ಕ್ಯಾಮೆರಾಗಳಲ್ಲಿ ಈ ಗೋಜೇ ಇಲ್ಲ, ಯಾವ ವೇಗದಲ್ಲೂ ಫ್ಲಾಶ್ ಹೊಂದುತ್ತದೆ. ಅದಕ್ಕಾಗಿಯೇ ಕ್ಯಾಮೆರಾ ಬದಲಿಸಿ ಎಂದು ನಾನು ಹೇಳುವುದಿಲ್ಲ.

ವಿಡಿಯೊ ವಿಷಯ ಸುಲಭ, ಆದರೆ ಅಂಕಿ ದೊಡ್ಡದು. ಸೆಕೆಂಡಿಗೆ 25 ಫ್ರೇಮಿನಲ್ಲಿ ಚಲನೆ ಸಹಜವಾಗಿ ಕಾಣಲು ಶಟರ್ 1/50ರ ಆಸುಪಾಸಿನಲ್ಲಿರಬೇಕು. ಐಎಸ್‌ಒ 100, ಎಫ್ 1.4ರಲ್ಲಿ ಇದಕ್ಕೆ ಎಂಟು ಸ್ಟಾಪ್ ಬೇಕು. ಲಾಗ್ ಪ್ರೊಫೈಲಿನಲ್ಲಿ (ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ ವಿಡಿಯೊ ಆಯ್ಕೆ) ಐಎಸ್‌ಒ 800ರಿಂದಲೇ ಶುರುವಾಗುವ ಕ್ಯಾಮೆರಾ ಆದರೆ ಎಫ್ 2ರಲ್ಲೇ ಹತ್ತು ಸ್ಟಾಪ್ ಬೇಕು. ಮೋಡ ಬಂದುಹೋಗುವ ದಿನ ಪ್ರತಿ ಸಲ ಗಾಜು ತಿರುಚಿ ತೆಗೆದು ಹಾಕುವುದು ಆಗದ ಮಾತು. ವೇರಿಯಬಲ್ ಎನ್‌ಡಿ ಹುಟ್ಟಿದ್ದೇ ಈ ಅವಸರಕ್ಕೆ.

ವೇರಿಯಬಲ್ ಎನ್‌ಡಿ ಎಂದರೆ ಒಂದರ ಮುಂದೊಂದು ಇಟ್ಟ ಎರಡು ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ) ಗಾಜುಗಳು. ಮುಂದಿನದನ್ನು ತಿರುಗಿಸಿದಂತೆ ಬೆಳಕು ಕಡಿಮೆಯಾಗುತ್ತದೆ. ಹಾಗಾಗಿ ಬೆಳಕು ತಡೆಯುವುದರ ಜೊತೆಗೆ ಪ್ರತಿಫಲನಗಳನ್ನೂ ಅದು ಬದಲಾಯಿಸುತ್ತದೆ, ಅದೂ ನೀವು ತಿರುಗಿಸಿದಷ್ಟು ಬೇರೆ ಬೇರೆಯಾಗಿ. ಮೈಸೂರು ಸಿಲ್ಕ್ ಸೀರೆಯನ್ನು ಚಿತ್ರಿಸುವಾಗ ಇದನ್ನು ನೆನಪಿಡಿ. ರೇಷ್ಮೆಯ ನಯವಾದ ಮಿರುಗು ಒಂದು ಕೋನದಲ್ಲಿ ಕುಗ್ಗುತ್ತದೆ. ಜರಿ ಲೋಹದ್ದಾದ್ದರಿಂದ ಅದರ ಹೊಳಪು ಹೆಚ್ಚು ಬದಲಾಗುವುದಿಲ್ಲ. ಒಂದು ಚಿತ್ರದಲ್ಲಿ ಸೀರೆ ಬೆಳಗುತ್ತದೆ, ಮುಂದಿನದರಲ್ಲಿ ಅದೇ ಸೀರೆ ಮಂಕಾಗಿರುತ್ತದೆ. ಸೀರೆ ಕೊಂಡವರಿಗೆ ಆ ವ್ಯತ್ಯಾಸ ತಕ್ಷಣ ಕಾಣುತ್ತದೆ. ಮುಖದ ತ್ವಚೆಯ ಸಹಜ ಹೊಳಪೂ ಹೀಗೆಯೇ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಮುಂದೆ ತೆಗೆಯುವಾಗ ಮಾತ್ರ ಈ ಗುಣವೇ ಉಪಕಾರಕ್ಕೆ ಬರುತ್ತದೆ. ತಿರುಗಿಸುವಿಕೆ ಅತಿಯಾದರೆ ಚಿತ್ರದ ಮೇಲೆ ಅಡ್ಡಡ್ಡ ಕತ್ತರಿ ಆಕಾರದ ಕಪ್ಪು ನೆರಳು ಬೀಳುತ್ತದೆ. ಅಗಲ ಕೋನದ ಲೆನ್ಸುಗಳಲ್ಲಿ ಇದು ಹೆಚ್ಚು, ನಿಮ್ಮ 85ರಲ್ಲಿ ಕಡಿಮೆ. 85ರಲ್ಲಿ ಬೇರೆ ತೊಂದರೆಯಿದೆ. ಕಳಪೆ ಗಾಜಿನ ಸಣ್ಣ ಡೊಂಕನ್ನೂ ಉದ್ದ ಲೆನ್ಸ್ ದೊಡ್ಡದು ಮಾಡಿ ತೋರಿಸುತ್ತದೆ, ಚಿತ್ರದ ಚೂಪು ಹೋಗುತ್ತದೆ.

ಹೀಗಾಗಿ ಫೋಟೊ ಕೆಲಸಕ್ಕೆ ಸ್ಥಿರ ಸಾಂದ್ರತೆಯ ಎರಡು ಗಾಜುಗಳನ್ನೇ ಕೊಳ್ಳಿ: ಮೂರು ಸ್ಟಾಪಿನದೊಂದು, ಆರು ಸ್ಟಾಪಿನದೊಂದು. ಮೂರರದ್ದು ಬರೀ ಬಿಸಿಲಿಗೆ. 1/1600ರಲ್ಲಿ ಆರಾಮವಾಗಿ ತೆಗೆಯಬಹುದು. ಆರರದ್ದು ಫ್ಲಾಶಿಗೆ. ಎರಡೂ ಸೇರಿ ಒಂಬತ್ತಾದರೆ ವಿಡಿಯೊ ಕೆಲಸವೂ ಬಹುಪಾಲು ಸಾಗುತ್ತದೆ. ವಿಡಿಯೊ ಆದಾಯ ಹೆಚ್ಚಿದಾಗ ಒಳ್ಳೆಯ ವೇರಿಯಬಲ್ ಎನ್‌ಡಿಯನ್ನು ಪ್ರತ್ಯೇಕವಾಗಿ ಕೊಳ್ಳುವಿರಂತೆ. ನಿಮ್ಮ ಲೆನ್ಸುಗಳಲ್ಲಿ ಅತಿ ಅಗಲವಾದದ್ದಕ್ಕೆ ಹೊಂದುವ ಅಳತೆಯನ್ನೇ ತೆಗೆದುಕೊಂಡು, ಸಣ್ಣ ಲೆನ್ಸುಗಳಿಗೆ ಸ್ಟೆಪ್-ಅಪ್ ಉಂಗುರ (ದೊಡ್ಡ ಫಿಲ್ಟರನ್ನು ಸಣ್ಣ ಲೆನ್ಸಿಗೆ ಕೂರಿಸುವ ಬಳೆ) ಬಳಸಿ. ಉಂಗುರ ಹಾಕಿದರೆ ಲೆನ್ಸಿಗೆ ಬಿಸಿಲು ಮರೆ ಮಾಡುವ ಹುಡ್ ಕೂರುವುದಿಲ್ಲ. ಅಂಥ ಸಮಯದಲ್ಲಿ ಬಿಸಿಲು ಗಾಜಿಗೆ ನೇರವಾಗಿ ತಾಗದಂತೆ ಸಹಾಯಕರು ಅಂಗೈ ಮರೆ ಮಾಡಲಿ. ಇಲ್ಲದಿದ್ದರೆ ಚಿತ್ರದ ಮೇಲೆಲ್ಲ ಬಿಳಿ ಮಬ್ಬು ಹರಡುತ್ತದೆ.

ಆರು ಸ್ಟಾಪಿನ ಗಾಜು ಕೊಳ್ಳುವಾಗ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳನ್ನೂ ತಡೆಯುವ ಲೇಪನವಿದೆಯೇ ಎಂದು ಕೇಳಿ. ಸಾಧಾರಣ ಎನ್‌ಡಿ ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅವಕೆಂಪನ್ನು ಹಾಗೇ ಬಿಟ್ಟುಬಿಡಬಹುದು. ಆಗ ವರನ ಕಪ್ಪು ಕೋಟು ಕಂದು ಅಥವಾ ನೇರಳೆ ಛಾಯೆಗೆ ತಿರುಗುತ್ತದೆ. ಸಂಶ್ಲೇಷಿತ ಬಟ್ಟೆಗಳಲ್ಲಿ ಇದು ಎದ್ದು ಕಾಣುತ್ತದೆ. ಇಡೀ ಚಿತ್ರಕ್ಕೆ ಬಣ್ಣ ಹತ್ತಿದ್ದರೆ ವೈಟ್ ಬ್ಯಾಲೆನ್ಸಿನಲ್ಲಿ ಸರಿಪಡಿಸಬಹುದು. ಕೋಟಿಗೆ ಮಾತ್ರ ಹತ್ತಿದ ಬಣ್ಣವನ್ನು ಹಾಗೆ ತೆಗೆಯಲಾಗುವುದಿಲ್ಲ. ಉಳಿದ ಬಣ್ಣವಾಲುವಿಕೆಗೆ ರಾ ಕಡತದಲ್ಲಿ (ಸೆನ್ಸರಿನ ಮಾಹಿತಿಯನ್ನು ಹಾಗೇ ಉಳಿಸುವ ಕಡತ) ತೆಗೆದು, ಫಿಲ್ಟರ್ ಹಾಕಿಕೊಂಡೇ ಬೂದು ಕಾರ್ಡಿನ ಒಂದು ಚಿತ್ರ ಇಟ್ಟುಕೊಳ್ಳಿ.

ಫೋಕಸ್ ಕೆಡುತ್ತದೆಂಬ ಹೆದರಿಕೆ ಬೇಡ. ಬಿಸಿಲಿಗೆ ಆರು ಸ್ಟಾಪ್ ಹಾಕಿದರೂ ಉಳಿಯುವುದು ಸೂರ್ಯ ಮುಳುಗಿದ ಕೂಡಲೇ ಇರುವಷ್ಟು ಬೆಳಕು. ಈಗಿನ ಕ್ಯಾಮೆರಾಗಳಿಗೆ ಅದು ಧಾರಾಳ. ಆದರೆ ಒಂದು ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ: ಎನ್‌ಡಿ ಹಾಕಿದೆ ಎಂಬ ಧೈರ್ಯದಿಂದ ಕನ್ನಡಿಯಿರುವ ಕ್ಯಾಮೆರಾದ ವ್ಯೂಫೈಂಡರಿನಲ್ಲಿ ನಡುಹಗಲಿನ ಸೂರ್ಯನನ್ನು ನೋಡಲೇಬೇಡಿ. ಕತ್ತಲೆಯಾಗಿ ಕಂಡರೂ ಅವಕೆಂಪು ಕಿರಣಗಳು ಕಣ್ಣಿನ ರೆಟಿನಾವನ್ನು ಸುಡಬಲ್ಲವು. ಸೂರ್ಯನನ್ನೇ ನೋಡಲು ಮಾಡಿದ ಫಿಲ್ಟರ್ ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸುತ್ತದೆ, ನಿಮ್ಮ ಗಾಜು 64ರಲ್ಲಿ ಒಂದು ಪಾಲಿಗೆ ಮಾತ್ರ. ಮಿರರ್‌ಲೆಸ್ ಕ್ಯಾಮೆರಾವನ್ನೂ 1.4 ಲೆನ್ಸ್ ತೆರೆದಿಟ್ಟು ಸೂರ್ಯನ ಕಡೆಗೆ ಮುಖ ಮಾಡಿ ಮೇಜಿನ ಮೇಲೆ ಬಿಡಬೇಡಿ. ಕ್ಯಾಪ್ ಮುಚ್ಚಿ.

ಕೊಳ್ಳಲು ಹೋಗುವಾಗ ಕ್ಯಾಮೆರಾ, ಲೆನ್ಸ್, ಒಂದು ದಿನಪತ್ರಿಕೆ ತೆಗೆದುಕೊಂಡು ಹೋಗಿ. ಪತ್ರಿಕೆಯನ್ನು ಅಂಗಡಿಯ ಹೊರಗಿನ ಗೋಡೆಗೆ ಅಂಟಿಸಿ, ಎಫ್ 2ರಲ್ಲಿ ಫಿಲ್ಟರ್ ಇಲ್ಲದೆ ಒಂದು, ಇಟ್ಟು ಒಂದು ಚಿತ್ರ ತೆಗೆಯಿರಿ. ಶಟರ್ ವೇಗ ಮಾತ್ರ ಬದಲಿಸಿ, ಐಎಸ್‌ಒ ಮುಟ್ಟಬೇಡಿ. ಪರದೆಯ ಮೇಲೆ ಪೂರ್ತಿ ಹಿಗ್ಗಿಸಿ ಸಣ್ಣ ಅಕ್ಷರಗಳ ಒತ್ತುಗಳನ್ನು ನೋಡಿ. ಫಿಲ್ಟರ್ ಹಾಕಿದ ಚಿತ್ರದಲ್ಲಿ ಒತ್ತಕ್ಷರ ಕಲಸಿಹೋಗಿದ್ದರೆ ಆ ಗಾಜು ಬೇಡ. ಬಿಳಿ ಗೋಡೆಯ ಇನ್ನೊಂದು ಚಿತ್ರದಲ್ಲಿ ಮೂಲೆಗಳು ನಡುವಿಗಿಂತ ಕಪ್ಪಾಗಿವೆಯೇ, ಬಣ್ಣ ಒಂದು ಬದಿಗೆ ಹಸಿರು, ಇನ್ನೊಂದು ಬದಿಗೆ ಕೆಂಪು ಎಂದು ವಾಲಿದೆಯೇ ನೋಡಿ. ಆರು ಸ್ಟಾಪ್ ಎಂದು ಬರೆದದ್ದು ನಿಜವಾಗಿ ಆರೇ ಹೌದೇ ಎಂಬುದೂ ಆ ಎರಡು ಶಟರ್ ವೇಗಗಳಲ್ಲೇ ಗೊತ್ತಾಗುತ್ತದೆ: 1/3200 ಇದ್ದದ್ದು 1/50ಕ್ಕೆ ಬಂದರೆ ಸರಿ, 1/80ಕ್ಕೇ ಚಿತ್ರ ಸಮವಾದರೆ ಅದು ಆರಕ್ಕಿಂತ ಕಡಿಮೆ. ಅರ್ಧ ಸ್ಟಾಪಿನ ವ್ಯತ್ಯಾಸವಿದ್ದರೂ ತೊಂದರೆಯಿಲ್ಲ, ಎಷ್ಟೆಂದು ಡಬ್ಬಿಯ ಮೇಲೆ ಬರೆದಿಟ್ಟುಕೊಳ್ಳಿ. ಒಂದು ಸ್ಟಾಪ್ ದಾಟಿದ್ದರೆ ಬೇರೆಯದನ್ನು ಕೇಳಿ.